ಅಳಿಯನಿಗೊಂದು ಇಂಗ್ಲಿಷ್ ಶಬ್ದ

ಇಂಗ್ಲಿಷ್ ಶಬ್ದಗಳ ಹುಟ್ಟು ಹುಡುಕಿಕೊಂಡು ಹೊರಟವನು ಗ್ರಹಚಾರವನ್ನು ಬೇರೆ ಹುಡುಕಬೇಕಾಗಿಲ್ಲ, ಅದು ತಾನಾಗಿಯೇ ಜೊತೆಗೆ ಬರುತ್ತದೆ. ನನ್ನ ಮಾಸ್ತರಿಕೆಯ ಕಾಲದಲ್ಲಿ ಇದು ಮತ್ತೆ ಮತ್ತೆ ಆಯಿತು. ಒಂದು ಶಬ್ದ ಎಲ್ಲಿಂದ ಬಂತು ಎಂದು ನೋಡಲು ಹೋಗುತ್ತಿದ್ದೆ. ನೋಡಿ ಮುಗಿಯುವಾಗ ನಾನು ಎಲ್ಲಿಗೆ ಹೊರಟಿದ್ದೆ ಎಂಬುದೇ ಮರೆತುಹೋಗಿರುತ್ತಿತ್ತು.

ಸಂಗತಿ ಇಷ್ಟು. ಬೆಳ್ತಂಗಡಿಯಿಂದ ಸ್ವಲ್ಪ ಒಳಗೆ ನನ್ನ ಸೋದರಮಾವ ಕಟ್ಟಿಸಿದ ಶಾಲೆ. ಸರಕಾರದ ಗ್ರಾಂಟು ಬರುತ್ತಿತ್ತು, ಮಾವ ಅದರ ಮ್ಯಾನೇಜರು. ನಾನು ಅಲ್ಲಿ ಕೆಳಗಿನ ತರಗತಿಗಳ ಮಾಸ್ತರ. ಮಾಸ್ತರರನ್ನು ಆರಿಸುವುದು ಮಾವನ ಅಧಿಕಾರ, ಅದಕ್ಕೆ ಸಹಿ ಹಾಕುವುದು ಇನ್ಸ್‌ಪೆಕ್ಟರ ಅಧಿಕಾರ. ಹೆಡ್ಮಾಸ್ತರರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ಅವರು ಎದ್ದ ಕುರ್ಚಿಯಲ್ಲಿ ನೀನು ಕೂತುಕೊಳ್ಳಬೇಕು ಎಂದು ಮಾವ ಹೇಳಿಟ್ಟಿದ್ದರು. ಒಂದೇ ಒಂದು ತೊಡಕು. ಎಸ್.ಎಸ್.ಎಲ್.ಸಿ.ಯಲ್ಲಿ ಉಳಿದದ್ದೆಲ್ಲ ಪಾಸು, ಇಂಗ್ಲಿಷಿನಲ್ಲಿ ಫೇಲು. ಇಂಗ್ಲಿಷ್ ದಾಟಿದರೆ ಕುರ್ಚಿ, ದಾಟದಿದ್ದರೆ ಸಾಯುವ ತನಕ ಒಂದನೇ ಕ್ಲಾಸಿನ ಮೂಗು ಒರೆಸುವುದು. ಹೀಗೆ ಶುರುವಾಯಿತು ನನ್ನ ಓದು.

ಬಾಲದಿಂದ ಓದಿದ್ದು

ಡಿಕ್ಷನರಿ ಸಿಕ್ಕಿದ್ದು ಬಂಟ್ವಾಳದ ಒಬ್ಬ ಮುದಿ ವಕೀಲರಿಂದ. ಮಾವನ ಕೋರ್ಟು ಕೆಲಸ ನೋಡುತ್ತಿದ್ದವರು, ಈಗ ಕಣ್ಣು ಮಂಜಾಗಿ ಓದು ನಿಲ್ಲಿಸಿದ್ದರು. ನಾನು ಇಂಗ್ಲಿಷಿನಲ್ಲಿ ಬಿದ್ದ ಸುದ್ದಿ ಕೇಳಿ ಕರೆಸಿದರು. ಪುಸ್ತಕ ದಪ್ಪವೆಂದರೆ ಮಣೆ ಇಲ್ಲದ ಮನೆಯಲ್ಲಿ ಅದನ್ನೇ ಹಾಕಿ ಕೂತು ಉಣ್ಣಬಹುದು. ಅಲ್ಲಲ್ಲಿ ಒರಲೆ ಹಿಡಿದು ಸಾಲುಗಳೇ ಮಾಯವಾಗಿದ್ದವು. ವಕೀಲರು ಅದನ್ನು ನನ್ನ ಕೈಗೆ ಕೊಟ್ಟು ಒಂದು ಬುದ್ಧಿಮಾತನ್ನೂ ಹೇಳಿದರು.

"ಅರ್ಥ ಮರೆತುಹೋಗ್ತದೆ, ಹುಟ್ಟು ಮರೆಯುವುದಿಲ್ಲ. ಯಾವ ಶಬ್ದವಾದರೂ ಮೊದಲು ಹುಟ್ಟು ನೋಡು."

ಆ ಮಾತು ನನ್ನನ್ನು ಹಾಳುಮಾಡಿತು. ಆ ಡಿಕ್ಷನರಿಯಲ್ಲಿ ಶಬ್ದದ ಅರ್ಥವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಕಂಸದೊಳಗೆ ಹುಟ್ಟು ಕೊಟ್ಟಿದ್ದರು. ನಾನು ಅಲ್ಲಿಂದ, ಅಂದರೆ ಬಾಲದಿಂದ ಓದತೊಡಗಿದೆ. ಊಟಕ್ಕೆ ಕೂತವ ಪಾಯಸದಿಂದ ಶುರುಮಾಡಿದರೆ ಅನ್ನಕ್ಕೆ ಹೊಟ್ಟೆಯಲ್ಲಿ ಜಾಗ ಎಲ್ಲಿ? ಹುಟ್ಟು ಓದಿಯಾದ ಮೇಲೆ ಅರ್ಥ ಓದುವ ಆಸೆಯೇ ಉಳಿಯುತ್ತಿರಲಿಲ್ಲ.

ಮೊದಲು ನೋಡಿದ ಶಬ್ದ 'ಸ್ಕೂಲ್'. ದಿನಾ ಹೋಗುವ ಜಾಗವಲ್ಲವೇ ಎಂದು ನೋಡಿದೆ. ಅದು ಗ್ರೀಕ್ ಭಾಷೆಯಿಂದ ಬಂದದ್ದಂತೆ, ಮೂಲದಲ್ಲಿ ಬಿಡುವು, ಪುರುಸೊತ್ತು ಅಂತ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಕೋಣೆಯಲ್ಲಿ ಎರಡು ಕ್ಲಾಸು, ನಡುವೆ ತಟ್ಟಿಯೂ ಇಲ್ಲ, ಇತ್ತ ಮಗ್ಗಿ ಹೇಳಿಸುವಾಗ ಅತ್ತ ಕಾಗುಣಿತ ತಪ್ಪುತ್ತಿತ್ತು. ಮಧ್ಯಾಹ್ನ ಉಪ್ಪಿಟ್ಟಿನ ಕೊಪ್ಪರಿಗೆ ಇಳಿಸುವುದಕ್ಕೂ ನಾನೇ. ಹೆಡ್ಮಾಸ್ತರರ ಬಳಿ ಹೋಗಿ, ಸ್ಕೂಲ್ ಅಂದರೆ ಪುರುಸೊತ್ತು ಅಂತ ಸರ್ ಎಂದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಗ್ರೀಕರಿಗೆ ಇನ್ಸ್‌ಪೆಕ್ಟರ್ ಇರಲಿಲ್ಲ ಅಂತ ಕಾಣ್ತದೆ" ಎಂದರು.

ನಮ್ಮದೇ ಅಡಿಕೆ

ಪರೀಕ್ಷೆಗೆ ಇಟ್ಟ ಪಾಠಪುಸ್ತಕದಲ್ಲಿ ಹಡಗಿನ ವ್ಯಾಪಾರದ ಮೇಲೆ ಒಂದು ಪಾಠ ಇತ್ತು. ಅದರಲ್ಲಿ 'ಅರೆಕ', 'ಕಾಯಿರ್', 'ಕೊಪ್ರ', 'ಜಾಗರಿ' ಎಂಬ ಶಬ್ದಗಳು. ಇವು ಯಾವ ದೇಶದ ವಸ್ತುಗಳೋ ಎಂದು ಹೆದರಿ ಉಗ್ಗುತ್ತಾ ಬಾಯಿಪಾಠ ಮಾಡಿದೆ. ಗದ್ದೆಯ ಹುಣಿಯ ಮೇಲೆ ನಡೆಯುವಾಗ ಅರೆಕ ಅರೆಕ ಎಂದು ಹೇಳಿಕೊಳ್ಳುತ್ತಿದ್ದೆ. ನೆರೆಮನೆಯವರು ಅಮ್ಮನ ಬಳಿ ಬಂದು, ಮಾಸ್ತರರಿಗೆ ಏನಾದರೂ ಸೋಂಕಿದೆಯಾ, ಒಂದು ನೂಲು ಕಟ್ಟಿಸುವುದು ಒಳ್ಳೆಯದು ಎಂದು ಹೇಳಿಹೋದರು.

ಬಾಯಿಪಾಠ ಆದಮೇಲೆ ಹುಟ್ಟು ನೋಡಿದೆ. ಅರೆಕ ಎಂದರೆ ಅಡಿಕೆ. ಪೋರ್ಚುಗೀಸರು ಮಲಯಾಳದವರ ಬಾಯಿಂದ ಎತ್ತಿಕೊಂಡ ಶಬ್ದ, ಕನ್ನಡದ ಅಡಿಕೆಯೂ ಅದೇ ಎಂದು ಕಂಸದಲ್ಲಿ ಸ್ಪಷ್ಟ ಬರೆದಿತ್ತು. ಕಾಯಿರ್ ನಮ್ಮ ತೆಂಗಿನ ನಾರಿನ ಹಗ್ಗ. ಕೊಪ್ರ ಕೊಬ್ಬರಿ. ಜಾಗರಿ ಬೆಲ್ಲ, ಅದೂ ನಮ್ಮ ಕಡೆಯ ಸಕ್ಕರೆಯ ಶಬ್ದವೇ ಹಡಗು ಹತ್ತಿ ಕೆಟ್ಟದ್ದು. ಅಮ್ಮ ಆಗ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಹುಟ್ಟಿದಾಗಿನಿಂದ ಕಣ್ಣೆದುರು ಇದ್ದ ವಸ್ತುವನ್ನು ಪರದೇಶಿ ಎಂದು ಹೆದರಿ ನಾನು ವಾರಗಟ್ಟಲೆ ಉರುಹೊಡೆದಿದ್ದೆ. ಆ ದಿನ ನಿಜವಾಗಿ ನನಗೆ ಬದುಕೇ ಬೇಸರವಾಯಿತು.

ಬಂಟ್ವಾಳದ ಪೇಟೆಯಲ್ಲಿ ನಮ್ಮ ಅಡಿಕೆ ಕೊಳ್ಳುತ್ತಿದ್ದ ಕೊಂಕಣಿ ಸಾಹುಕಾರರೊಬ್ಬರಿದ್ದರು. ಅವರ ಮಂಡಿಗೆ ಹೋದಾಗ ಈ ಸಂಕಟವನ್ನು ತೋಡಿಕೊಂಡೆ. ಅವರು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾ ಎಲ್ಲವನ್ನೂ ಕೇಳಿದರು. ಆಮೇಲೆ ನಿಧಾನವಾಗಿ, ವ್ಯಾಪಾರದ ಮಾತಿನಲ್ಲೇ ತೀರ್ಪು ಕೊಟ್ಟರು.

"ಮಾಸ್ತರೇ, ನಮ್ಮಿಂದ ಕಡ ಕೊಂಡುಹೋದವರು ವಾಪಸು ಕೊಡುವಾಗ ನಮಗೇ ಪರೀಕ್ಷೆ ಮಾಡುವ ಕ್ರಮ ನಮ್ಮ ಪೇಟೆಯಲ್ಲಿ ಇಲ್ಲ."

ಬಿಳಿ ಬಟ್ಟೆ

ಎರಡನೆಯ ಸಲ ಪರೀಕ್ಷೆಗೆ ಮೂಡುಬಿದಿರೆಗೆ ಹೋಗಬೇಕಾಗಿತ್ತು. ಹಾಲ್ ಟಿಕೇಟಿನ ಮೇಲೆ 'ಕ್ಯಾಂಡಿಡೇಟ್' ಎಂದು ಬರೆದಿದ್ದರು. ಸುಮ್ಮನೆ ಇರಬಾರದಾ? ಅದರ ಹುಟ್ಟು ನೋಡಿದೆ. ಹಿಂದೆ ರೋಮಿನಲ್ಲಿ ಹುದ್ದೆ ಕೇಳಲು ಹೊರಟವರು ಶುಭ್ರ ಬಿಳಿ ಬಟ್ಟೆ ಉಟ್ಟು ಜನರೆದುರು ಬರುತ್ತಿದ್ದರಂತೆ. ಬಿಳಿ ಉಟ್ಟವನೇ ಕ್ಯಾಂಡಿಡೇಟ್. ಮೊದಲನೆಯ ಸಲ ನಾನು ನೀಲಿ ಗೀಟಿನ ಅಂಗಿ ಹಾಕಿ ಹೋಗಿದ್ದೆ. ಬಿದ್ದದ್ದು ಸುಮ್ಮನೆ ಅಲ್ಲ ಎಂದು ನನಗೆ ಖಾತ್ರಿಯಾಯಿತು.

ಅಮ್ಮನಲ್ಲಿ ಹೇಳಿ ಮಾವನ ಮದುವೆಯ ಜರಿ ಇಲ್ಲದ ಬಿಳಿ ಪಂಚೆ ತೆಗೆಸಿದೆ. ಬಿಳಿ ಅಂಗಿಗೆ ನೀಲಿ ಹಾಕಿಸಿ, ಗಂಜಿ ಹಾಕಿಸಿ, ಹೆಗಲಿಗೆ ಬಿಳಿ ಶಾಲು ಹೊದ್ದು ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿದೆ. ರೋಮಿನಲ್ಲಿ ದಾರಿಗಳು ಕಲ್ಲು ಹಾಸಿನವು ಎಂಬುದು ಆ ಕಂಸದಲ್ಲಿ ಇರಲಿಲ್ಲ. ನಮ್ಮದು ಮಣ್ಣಿನ ಮಾರ್ಗ, ಬೇಸಗೆ ಬೇರೆ. ಮುಂದಿನ ಬಸ್ಸಿನ ಧೂಳು ನಮ್ಮ ಬಸ್ಸಿಗೆ, ನಮ್ಮ ಬಸ್ಸಿನ ಧೂಳು ನಮಗೆ. ಮೂಡುಬಿದಿರೆಯಲ್ಲಿ ಇಳಿಯುವಾಗ ಪಂಚೆ, ಅಂಗಿ, ಶಾಲು, ಹುಬ್ಬು ಎಲ್ಲ ಒಂದೇ ಕೆಂಪು. ಕೊಡವಿಕೊಂಡಷ್ಟೂ ಬಣ್ಣ ಒಳಗೆ ಹಿಡಿಯಿತು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಮೇಲ್ವಿಚಾರಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಂಚು ಇಳಿಸುವುದಾದರೆ ಹಿಂದಿನ ಅಂಗಳಕ್ಕೆ ಹೋಗಬೇಕು, ಇಲ್ಲಿ ಪರೀಕ್ಷೆ ನಡೀತಾ ಉಂಟು ಎಂದರು.

ಹೇಗೋ ಒಳಗೆ ಕೂತೆ. ಪ್ರಬಂಧದ ಪ್ರಶ್ನೆ 'ನಿಮ್ಮ ಶಾಲೆ'. ದೇವರೇ ಕಣ್ಣು ಬಿಟ್ಟ ಎಂದುಕೊಂಡೆ. ಸ್ಕೂಲ್ ಎಂಬ ಶಬ್ದದ ಹುಟ್ಟಿನಿಂದ ಶುರುಮಾಡಿದೆ. ಗ್ರೀಕರು, ಅವರ ಪುರುಸೊತ್ತು, ಆ ಪುರುಸೊತ್ತಿನಲ್ಲಿ ಅವರು ಏನೆಲ್ಲ ಮಾಡುತ್ತಿದ್ದಿರಬಹುದು ಎಂದು ಬರೆದೆ. ಗ್ರೀಸಿನಿಂದ ಹೊರಟು ಬೆಳ್ತಂಗಡಿಗೆ ಬರುವ ಮೊದಲು ಗಂಟೆ ಹೊಡೆಯಿತು. ನನ್ನ ಶಾಲೆಯ ಬಗ್ಗೆ ಒಂದು ಸಾಲೂ ಆಗಿರಲಿಲ್ಲ, ಉಳಿದ ಪ್ರಶ್ನೆಗಳ ಬಗ್ಗೆಯೂ ಆಗಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗೆ, ನನ್ನನ್ನು ಪರೀಕ್ಷೆ ಒಂದು ಕಡೆಗೆ ಎಳೆದರೆ ಡಿಕ್ಷನರಿ ಇನ್ನೊಂದು ಕಡೆಗೆ ಎಳೆಯುತ್ತಿತ್ತು.

ಫಲಿತಾಂಶ ಬಂದ ದಿನ ಅಮ್ಮ ಪಂಚೆಯನ್ನು ಮೂರನೆಯ ಸಲ ಸೋಪಿಗೆ ಹಾಕುತ್ತಾ, ಫೇಲಾಗಲಿಕ್ಕೆ ಹಳೆಯ ಅಂಗಿಯೇ ಸಾಕಿತ್ತು ಎಂದರು.

ನಾರಾವಿಯ ಗಂಡ

ನಮ್ಮದು ಅಳಿಯಸಂತಾನದ ಮನೆ. ಆಸ್ತಿ, ಯಜಮಾನಿಕೆ ಎಲ್ಲ ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ, ಎಂದರೆ ಅಳಿಯಂದಿರಿಗೆ ಹೋಗುವುದು ಕ್ರಮ. ಹೆಂಡತಿ ಮಕ್ಕಳು ಗಂಡನ ಕುಟುಂಬಕ್ಕೆ ಸೇರಿದವರಲ್ಲ, ಅವರು ಹೆಂಡತಿಯ ತಾಯಿಮನೆಯವರು. ಮಾವ ಯಜಮಾನರಾಗಿ ನಮ್ಮ ಮನೆಯಲ್ಲಿ, ತನ್ನ ತಂಗಿಯಾದ ನನ್ನ ಅಮ್ಮನ ಜೊತೆ ಇದ್ದರು. ಅವರ ಹೆಂಡತಿ, ಎಂದರೆ ನನ್ನ ಮಾಮಿ, ನಾರಾವಿಯಲ್ಲಿ ತನ್ನ ತಾಯಿಮನೆಯಲ್ಲಿ. ಮಾವ ಶನಿವಾರ ಸಂಜೆ ಅಲ್ಲಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದರು. ಅವರಿಗೊಬ್ಬ ಮಗ ಇದ್ದ. ಒಂದೇ ಸಲಕ್ಕೆ ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಸಮೇತ ಪಾಸಾಗಿ, ಟ್ರೈನಿಂಗೂ ಮುಗಿಸಿ, ಕೆಲಸವಿಲ್ಲದೆ ನಾರಾವಿಯ ಜಗಲಿಯಲ್ಲಿ ಕೂತಿದ್ದ. ಆ ಕುರ್ಚಿ ಅವನಿಗಾದರೆ ಆಗದಾ ಎಂದು ಮಾಮಿ ಪ್ರತಿ ಶನಿವಾರ ಕೇಳುತ್ತಿದ್ದರಂತೆ. ಅಳಿಯ ಇರುವಾಗ ಮಗನಿಗೆ ಕೊಡುವುದು ಹೇಗೆ, ಜನ ಏನು ಹೇಳಿಯಾರು ಎಂದು ಮಾವ ಪ್ರತಿ ಸೋಮವಾರ ತಪ್ಪಿಸಿಕೊಂಡು ಬರುತ್ತಿದ್ದರು.

ಒಂದು ಸೋಮವಾರ ಮಾವ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾಗ, ಇಂಗ್ಲಿಷಿನ 'ಹಸ್ಬೆಂಡ್' ಎಂಬ ಶಬ್ದದ ಹುಟ್ಟು ಹೇಳಿದೆ. ಮೂಲದಲ್ಲಿ ಅದು ಮನೆಯ ಒಡೆಯ ಅಂತ. ಮಾವ, ನಾರಾವಿಯಲ್ಲಿ ತಾನು ಕೂರುವ ಮಣೆ ಯಾವುದೆಂಬುದನ್ನೂ ಹೆಂಡತಿಯ ತಾಯಿಯೇ ತೋರಿಸುವುದು ಎಂದು ದುಃಖದಿಂದ ಹೇಳಿ, ಹಾಗಾದರೆ ಇಲ್ಲಿ ನಾನು ನಿನಗೆ ಏನಾಗಬೇಕೋ ಅದಕ್ಕೆ ಏನು ಶಬ್ದ ಎಂದು ಕೇಳಿದರು.

'ಅಂಕಲ್' ನೋಡಿದೆ. ನನ್ನ ಮೈ ಜುಮ್ಮೆಂದಿತು. ಲ್ಯಾಟಿನಿನಲ್ಲಿ ಅದರ ಮೂಲ ಶಬ್ದಕ್ಕೆ ಅಮ್ಮನ ಅಣ್ಣ ತಮ್ಮ ಎಂದೇ ಅರ್ಥ. ಅಪ್ಪನ ಕಡೆಯವರು ಅದರಲ್ಲಿ ಬರುವುದೇ ಇಲ್ಲ. ಸಾಕ್ಷಾತ್ ನಮ್ಮ ತುಳುವಿನ ತಮ್ಮಲೆ. ಹಾಗಾದರೆ ರೋಮಿನವರೂ ಅಳಿಯಸಂತಾನದವರೇ ಎಂದು ತೀರ್ಮಾನ ಮಾಡಿ, ಅಳಿಯನಿಗೆ ಏನು ಶಬ್ದ ಎಂದು 'ನೆಫ್ಯೂ' ತೆಗೆದೆ. ಅದೇ ಪುಟದ ಕೆಳಗೆ ಹೊಸತೊಂದು ಶಬ್ದ ಕಂಡಿತು, 'ನೆಪೊಟಿಸಂ'. ಅದರ ಅರ್ಥದ ಸಾಲುಗಳನ್ನೆಲ್ಲ ಒರಲೆ ಚೊಕ್ಕ ಮಾಡಿ ತಿಂದಿತ್ತು. ಬಾಲದಲ್ಲಿ ಕಂಸ ಮಾತ್ರ ಉಳಿದಿತ್ತು. ರೋಮಿನ ಪೋಪರು ತಮ್ಮ ಅಳಿಯಂದಿರಿಗೆ ಹುದ್ದೆಗಳನ್ನು ಕೊಡುತ್ತಿದ್ದುದರಿಂದ ಬಂದದ್ದು, ಎಂದು.

ನನಗೆ ಇನ್ನೇನು ಬೇಕು? ಅಳಿಯಂದಿರಿಗೆ ಹುದ್ದೆ ಕೊಡುವ ಧರ್ಮ ನೆಪೊಟಿಸಂ. ನಮ್ಮ ಅಳಿಯಸಂತಾನಕ್ಕೆ ಇಂಗ್ಲಿಷಿನಲ್ಲಿ ಹೆಸರುಂಟು, ಅದೂ ಪೋಪರು ಪಾಲಿಸಿದ್ದು. ಮಾವನಿಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು.

"ಪೋಪರ ಹೆಂಡತಿ ಇದಕ್ಕೆ ಏನೂ ಹೇಳ್ತಿರಲಿಲ್ಲವಾ?" ಎಂದು ಕೇಳಿದರು.

ಅವರಿಗೆ ಹೆಂಡತಿ ಇರುವ ಕ್ರಮ ಇಲ್ಲ ಎಂದೆ. ಮಾವ ಅಡಕತ್ತರಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

"ಹಾಗಾದರೆ ಸುಲಭ."

ಪಾಸು

ಮೂರನೆಯ ಸಲದ ಪರೀಕ್ಷೆಗೆ ಮೊದಲು ಹೆಡ್ಮಾಸ್ತರರು ಡಿಕ್ಷನರಿಯನ್ನು ನನ್ನಿಂದ ಕಿತ್ತು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನು ಪಾಸಾದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಅಮ್ಮ ಕಣ್ಣೊರೆಸಿಕೊಂಡು ಎಲ್ಲರಿಗೂ ಪಾನಕ ಕೊಟ್ಟರು. ಪಾಸಾದ ಮೇಲೆ ಡಿಕ್ಷನರಿ ವಾಪಸು ಬಂತು, ಅದೇ ಆದ ತಪ್ಪು.

ಸ್ವಾಗತ ಭಾಷಣ

ಆ ಹೊತ್ತಿಗೆ ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಘಟ್ಟದ ಮೇಲಿನ ಇನ್ಸ್‌ಪೆಕ್ಟರೊಬ್ಬರು ಹೊಸತಾಗಿ ಬಂದಿದ್ದರು. ಹೆಡ್ಮಾಸ್ತರರು ನಿವೃತ್ತರಾಗುವ ಮುಂಚಿನ ತಪಾಸಣೆಗೆ ಅವರು ನಮ್ಮ ಶಾಲೆಗೆ ಬರುವುದೆಂದಾಯಿತು. ಅವರು ಒಪ್ಪಿ ಸಹಿ ಹಾಕಿದರೆ ಕುರ್ಚಿ ನನ್ನದು. ಮಾವ ನನ್ನನ್ನು ಕರೆದು, ಸ್ವಾಗತ ಭಾಷಣವನ್ನು ಇಂಗ್ಲಿಷಿನಲ್ಲೇ ಮಾಡಬೇಕು, ಪಾಸಾದದ್ದು ಕಾಗದದ ಮೇಲೆ ಮಾತ್ರ ಅಲ್ಲ ಅಂತ ಅವರಿಗೂ ಗೊತ್ತಾಗಲಿ ಎಂದರು.

ಶಾಲೆಗೆ ಸುಣ್ಣ ಹೊಡೆಸಿದರು. ಮಾವಿನೆಲೆಯ ತೋರಣ ಕಟ್ಟಿದೆವು. ಮಕ್ಕಳ ತಂದೆತಾಯಂದಿರೂ ಬಂದು ಅಂಗಳದಲ್ಲಿ ಕೂತರು. ಮಾವ ಜರಿ ರುಮಾಲು ಸುತ್ತಿ ಇನ್ಸ್‌ಪೆಕ್ಟರ ಪಕ್ಕದಲ್ಲಿ ಕೂತರು. ಇನ್ಸ್‌ಪೆಕ್ಟರಿಗೆ ಹಾರ ಹಾಕಿ, ಕೈಗೆ ಎಳನೀರಿನ ಬೊಂಡ ಕೆತ್ತಿ ಕೊಟ್ಟಾಯಿತು. ನಾನು ಎದ್ದು ನಿಂತೆ. ಮಾತು ನೀರು ಹರಿದ ಹಾಗೆ ಬಂತು. ಅಷ್ಟು ಚೆನ್ನಾಗಿ ನಾನು ಇಂಗ್ಲಿಷ್ ಮಾತಾಡಿದ್ದು ಅದೇ ಮೊದಲು, ಅದೇ ಕೊನೆ.

ನಾನು ಹೇಳಿದ್ದರ ಸಾರ ಇದು. ನಮ್ಮ ಮ್ಯಾನೇಜರು ಹುಟ್ಟಿನಿಂದಲೇ ನೆಪೊಟಿಸಂ ಪಾಲಿಸಿಕೊಂಡು ಬಂದವರು. ಅವರ ಮಾವನೂ ಹಾಗೆಯೇ, ಅವರ ಮಾವನ ಮಾವನೂ ಹಾಗೆಯೇ. ಈ ಶಾಲೆ ನಿಂತಿರುವುದು ನೆಪೊಟಿಸಂ ಮೇಲೆ. ನಾನು ಇಲ್ಲಿ ಮಾಸ್ತರನಾದದ್ದು ನೆಪೊಟಿಸಂನಿಂದ, ನಾಳೆ ಹೆಡ್ಮಾಸ್ತರನಾಗುವುದೂ ಅದರಿಂದಲೇ. ನಮ್ಮ ಜಿಲ್ಲೆಯ ಈ ಪುರಾತನ ಸಂಪತ್ತು ಮಾನ್ಯ ಇನ್ಸ್‌ಪೆಕ್ಟರ ಆಶೀರ್ವಾದದಿಂದ ಇಡೀ ಮೈಸೂರು ರಾಜ್ಯಕ್ಕೆ ಹಬ್ಬಲಿ.

ಮಾವನಿಗೆ ಇಂಗ್ಲಿಷ್ ಬಾರದು. ಆ ಒಂದು ಶಬ್ದ ಮಾತ್ರ ಪರಿಚಯವಾಗಿತ್ತು. ಅದು ಬಂದಾಗಲೆಲ್ಲ ಗಂಭೀರವಾಗಿ ತಲೆ ಆಡಿಸಿ, ಇನ್ಸ್‌ಪೆಕ್ಟರ ಕಡೆ ತಿರುಗಿ, ತನ್ನ ಎದೆಯ ಮೇಲೆ ಕೈ ಇಟ್ಟು ತೋರಿಸುತ್ತಿದ್ದರು. ಇನ್ಸ್‌ಪೆಕ್ಟರಿಗೆ ಬೊಂಡದ ನೀರು ನೆತ್ತಿಗೇರಿತು. ಮಕ್ಕಳು ಕಲಿಸಿಕೊಟ್ಟ ಹಾಗೆ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಇನ್ಸ್‌ಪೆಕ್ಟರು ನಮ್ಮಿಬ್ಬರನ್ನೂ ಆಫೀಸು ಕೋಣೆಗೆ ಕರೆದು ಬಾಗಿಲು ಓರೆ ಮಾಡಿದರು. ಆ ಶಬ್ದಕ್ಕೆ ಸ್ವಜನಪಕ್ಷಪಾತ ಅಂತ ಅರ್ಥ, ತಮ್ಮವರಿಗೆ ಅನ್ಯಾಯವಾಗಿ ಹುದ್ದೆ ಕೊಡುವುದು ಎಂದು ಬಿಡಿಸಿ ಹೇಳಿದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತು.

"ನೋಡಿ ಯಜಮಾನ್ರೇ, ಇದು ಎಲ್ಲಾ ಕಡೇನೂ ಇರುತ್ತೆ. ನಾವೂ ನೋಡಿ ನೋಡದ ಹಾಗೆ ಇರ್ತೀವಿ. ಆದರೆ ತೋರಣ ಕಟ್ಟಿ, ಊರನ್ನೇ ಕೂರಿಸಿ, ಮಕ್ಕಳ ಕೈಲಿ ಚಪ್ಪಾಳೆ ಹೊಡೆಸಿ ಹೇಳಿದ್ದು ನಾನು ಇದೇ ಮೊದಲು ಕೇಳಿದ್ದು. ಇನ್ನು ಇವರ ನೇಮಕಕ್ಕೆ ನಾನು ಹ್ಯಾಗೆ ಸಹಿ ಹಾಕಲಿ?"

ನಾನು ಅಳಿಯಸಂತಾನದ ಕಟ್ಟಳೆಯನ್ನು ವಿವರಿಸಲು ಹೋದೆ. ಕಟ್ಟಳೆ ಗದ್ದೆಗೆ, ಸರಕಾರದ ಸಂಬಳದ ಕುರ್ಚಿಗಲ್ಲ ಎಂದು ಅವರು ಬಾಯಿ ಮುಚ್ಚಿಸಿದರು. ಸಂಬಂಧಿಕನಲ್ಲದ, ಇಂಗ್ಲಿಷ್ ಪಾಸಾದ ಬೇರೆ ಯಾರಾದರೂ ಇದ್ದರೆ ಈಗಲೇ ಒಪ್ಪಿಗೆ ಕೊಡುತ್ತೇನೆ, ಇಲ್ಲದಿದ್ದರೆ ಹೊರಗಿನಿಂದ ಕಳಿಸುತ್ತೇನೆ ಎಂದರು.

ಮಾವ ರುಮಾಲು ಸರಿಮಾಡಿಕೊಂಡರು. ನನ್ನ ಮುಖ ನೋಡಲಿಲ್ಲ. ಆಮೇಲೆ, ನಾರಾವಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಟ್ರೈನಿಂಗ್ ಆಗಿದೆ, ಇಂಗ್ಲಿಷ್ ಒಂದೇ ಸಲಕ್ಕೆ ಪಾಸು ಎಂದರು.

"ನಿಮಗೆ ಸಂಬಂಧವೇನ್ರೀ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ನಮ್ಮ ಕುಟುಂಬದವನಲ್ಲ" ಎಂದರು ಮಾವ. "ಮನೆ ಬೇರೆ, ಬಳಿ ಬೇರೆ, ನಿಮ್ಮ ಗೋತ್ರದ ಹಾಗೆ. ನಮ್ಮ ಆಸ್ತಿಯಲ್ಲಿ ಅವನಿಗೆ ಹಕ್ಕೂ ಇಲ್ಲ. ನಮ್ಮಲ್ಲಿ ಸಾವಾದರೆ ಅವನಿಗೆ ಸೂತಕವೂ ಇಲ್ಲ."

ಒಂದೊಂದು ಮಾತೂ ಸತ್ಯ. ನಮ್ಮ ಕಟ್ಟಿನಲ್ಲಿ ಮಗನೆಂದರೆ ಅಷ್ಟೇ. ಧರ್ಮಸ್ಥಳಕ್ಕೆ ಹೋಗಿ ಆಣೆ ಇಡು ಎಂದಿದ್ದರೂ ಮಾವ ಹೆದರದೆ ಇಟ್ಟುಬರುತ್ತಿದ್ದರು. ನಾನು ಬಾಯಿ ತೆರೆದೆ. ಆದರೆ ಹೇಳುವುದಾದರೂ ಏನು? ಅವನು ಅವರ ಮಗ ಎಂದರೆ ಆ ಕುರ್ಚಿ ಯಾರೋ ಗುರುತಿಲ್ಲದವನಿಗೆ ಹೋಗುತ್ತದೆ, ನನಗಂತೂ ಬರುವುದಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿದೆ. ಇನ್ಸ್‌ಪೆಕ್ಟರು ಎದ್ದು ಮಾವನ ಕೈ ಹಿಡಿದುಕೊಂಡರು. ಅಳಿಯನನ್ನು ಬಿಟ್ಟು ಪರರ ಮಗನಿಗೆ ಹುದ್ದೆ ಕೊಡುವ ಇಂಥ ನಿಷ್ಪಕ್ಷಪಾತಿ ಮ್ಯಾನೇಜರನ್ನು ತನ್ನ ಸರ್ವಿಸಿನಲ್ಲೇ ಕಂಡಿಲ್ಲ ಎಂದರು. ಅದನ್ನು ತಪಾಸಣೆಯ ವರದಿಯಲ್ಲೂ ಬರೆದರು.

ಜೂನಿನಲ್ಲಿ ನಾರಾವಿಯ ಮಗ ಬಂದು ಕುರ್ಚಿಯಲ್ಲಿ ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಒಂದನೇ ಕ್ಲಾಸಿಗೆ ವಾಪಸಾದೆ. ಅಮ್ಮ ಅಣ್ಣನ ಜೊತೆ ಕೆಲವು ಕಾಲ ಮಾತು ಬಿಟ್ಟರು, ಆಮೇಲೆ ಬಡಿಸುವಾಗ ಅನಿವಾರ್ಯವಾಗಿ ಮಾತಾಡಿದರು. ಮಾಮಿ ಮಾತ್ರ ಅಂದಿನಿಂದ ನನ್ನನ್ನು ಬಹಳ ಪ್ರೀತಿಯಿಂದ ಕಾಣತೊಡಗಿದರು. ಹೋದಾಗಲೆಲ್ಲ, ಇವನ ಇಂಗ್ಲಿಷಿನಿಂದಲೇ ನಮ್ಮ ಹುಡುಗ ಉದ್ಧಾರವಾದ ಎಂದು ಹೇಳಿ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕುತ್ತಿದ್ದರು.

ನನಗೆ ಒಂದೇ ಒಂದು ಕೊರಗು ಉಳಿಯಿತು. ಅಳಿಯನಿಗೆ ಹುದ್ದೆ ಕೊಟ್ಟರೆ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದ ಉಂಟು, ಆ ಶಬ್ದಕ್ಕೊಂದು ಹುಟ್ಟು ಉಂಟು. ಹಾಗಾದರೆ ಮಗನಿಗೆ ಕೊಟ್ಟರೆ? ಇಡೀ ಮಳೆಗಾಲ ಡಿಕ್ಷನರಿಯನ್ನು ತಲೆಯಿಂದಲೂ ಬಾಲದಿಂದಲೂ ಹುಡುಕಿದೆ. ಒರಲೆ ತಿನ್ನದ ಪುಟಗಳಲ್ಲೂ ಸಿಗಲಿಲ್ಲ. ಒಂದು ಸೋಮವಾರ ಮಾವ ನಾರಾವಿಯಿಂದ ಬಂದು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ, ಮಗನಿಗೆ ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲ ಮಾವ ಎಂದೆ. ಅವರು ಎಲೆಯನ್ನು ಮಡಚಿ ದವಡೆಗಿಟ್ಟು, ಬಹಳ ದಿನಗಳ ಮೇಲೆ ನನ್ನ ಮುಖ ನೋಡಿದರು.

"ಹೆಸರಿಲ್ಲದ್ದು ತಪ್ಪಾಗುವುದಿಲ್ಲ ಮಾರಾಯ. ನೀನಿನ್ನು ಹುಡುಕಲಿಕ್ಕೆ ಹೋಗಬೇಡ."